ಮೆದು ಲೋಹದ ಮುಂದೆ ಅಳುಕದ ಕೈ

ಬೆಳಗಿನ ಆರು ಗಂಟೆ. ಕಿಟಕಿಯ ಬೆಳಕು ಇನ್ನೂ ಶೆಡ್ಡಿನ ನೆಲಕ್ಕಿಳಿದಿಲ್ಲ. ಲೋಹ ಕೊರೆಯುವ ಮಿಲ್ಲಿಂಗ್ ಯಂತ್ರದ ಮುಂದೆ ನಿಂತ ಐವತ್ತೆರಡರ ಹೆಂಗಸು ಎರಡು ಹಲ್ಲಿನ ಕಟರನ್ನು ಕಿಟಕಿಯತ್ತ ಎತ್ತಿ ಹಿಡಿದು, ಅಂಚಿಗೆ ಲೋಹದ ಕಣವೇನಾದರೂ ಅಂಟಿದೆಯೇ ಎಂದು ನೋಡುತ್ತಾರೆ. ಏನೂ ಇಲ್ಲ. ಕಟರ್ ಬಿಗಿದು, ಸೀಮೆಎಣ್ಣೆಯಲ್ಲಿ ಅದ್ದಿದ ಬ್ರಷ್ಷಿನಿಂದ ಒಮ್ಮೆ ಸವರಿ, ಯಂತ್ರ ಚಾಲೂ ಮಾಡುತ್ತಾರೆ. ಬೆಳ್ಳಗಿನ ಸುರುಳಿಗಳು ಚಟಪಟ ಸಿಡಿದು ಕಾಲ ಬಳಿ ರಾಶಿ ಬೀಳುತ್ತವೆ. ಶೆಡ್ಡಿನಲ್ಲಿ ಇವರನ್ನು ಎಲ್ಲರೂ ಕರೆಯುವುದು ಸುರುಳಿಯಕ್ಕ ಎಂದೇ.

ರಕ್ತಪರೀಕ್ಷೆಯ ಯಂತ್ರವನ್ನು ತಂಪಾಗಿಡುವ ಅಲ್ಯೂಮಿನಿಯಂ ತಟ್ಟೆಗಳು ಇವರ ಕೈಯಲ್ಲಿ ತಯಾರಾಗುತ್ತವೆ. ತಟ್ಟೆಗೆ ಹನ್ನೆರಡು ಕಾಲುವೆ, ಅವುಗಳಲ್ಲಿ ನೀರು ಹರಿಯಬೇಕು. ಒಂದು ತಟ್ಟೆಗೆ ನಲವತ್ತು ನಿಮಿಷ, ದಿನಕ್ಕೆ ಹತ್ತು. ಇವತ್ತು ಒಪ್ಪಿಸಬೇಕಾದದ್ದು ಇಪ್ಪತ್ತನಾಲ್ಕು, ಬಾಕಿ ಎರಡು. ತಟ್ಟೆ ಕೊಳ್ಳುವ ಕಂಪನಿಯ ತಪಾಸಣೆಯವರು ಎಂಟೂವರೆಗೆ ಬರುತ್ತಾರೆ. ಈ ಕೆಲಸ ಕೈತಪ್ಪಿದರೆ ಅಕ್ಕನ ಈ ಹಳೆಯ ಯಂತ್ರವನ್ನು ಮಾರುವುದೆಂದು ಯಜಮಾನರು ತೀರ್ಮಾನಿಸಿದ್ದಾರೆ. ಗುಜರಿಯವನು ಹೋದ ವಾರವೇ ಬಂದು ನೋಡಿಹೋಗಿದ್ದಾನೆ.

ಉಕ್ಕಿಗಿಂತ ಇದು ಸುಲಭವಲ್ಲವೇ ಎಂದರೆ ಅಕ್ಕ ನಗುತ್ತಾರೆ. "ಗಟ್ಟಿ ಲೋಹ ಎದುರಿಗೆ ನಿಂತು ಜಗಳ ಆಡುತ್ತೆ. ಇದು ಹಾಗಲ್ಲ, ಮೈಮೇಲೆ ಬಿದ್ದು ಅಂಟಿಕೊಳ್ಳುತ್ತೆ. ಮೆದು ಅಂತ ನಾವು ನಿಧಾನ ಮಾಡಿದೆವೋ, ಕಟರ್ ಕತ್ತರಿಸೋದು ಬಿಟ್ಟು ಉಜ್ಜೋಕೆ ಶುರು ಮಾಡುತ್ತೆ. ಬಿಸಿಯಾಗಿ ಲೋಹ ಹಲ್ಲಿಗೇ ಮೆತ್ತಿಕೊಳ್ಳುತ್ತೆ. ಹೆದರಿದವರ ಕೈಯಲ್ಲೇ ಇದು ಕೆಡೋದು."

ಈ ಪಾಠ ಅವರಿಗೆ ಪುಕ್ಕಟೆಯಾಗಿ ದಕ್ಕಿದ್ದಲ್ಲ. ಇಪ್ಪತ್ತೊಂದು ವರ್ಷದ ಹಿಂದೆ ಇಲ್ಲಿಗೆ ಬಂದದ್ದು ಕಸ ಗುಡಿಸಲು. ನಾಲ್ಕು ವರ್ಷ ಗುಡಿಸಿದ್ದು ಲೋಹದ ಸುರುಳಿಗಳನ್ನೇ. ಒಂದು ದಿನ ಯಂತ್ರ ಓಡಿಸುತ್ತಿದ್ದವರಿಗೆ, "ಅಣ್ಣಾ, ಇವತ್ತು ಸುರುಳಿಯ ಅಂಚು ಹರಿದಿದೆ, ಕಟರ್ ಒಮ್ಮೆ ನೋಡಿ" ಎಂದರಂತೆ. "ನೀನು ಪೊರಕೆ ನೋಡಮ್ಮ" ಎಂದರು ಅವರು. ಮಧ್ಯಾಹ್ನದ ಹೊತ್ತಿಗೆ ಕಟರ್ ಮುರಿಯಿತು. ಮರುವಾರ ಅದೇ ಅಣ್ಣ ಯಂತ್ರ ನಡೆಸುವ ಹಿಡಿಚಕ್ರವನ್ನು ಇವರ ಕೈಗೆ ಕೊಟ್ಟರು. ಮೊದಲ ತಿಂಗಳಲ್ಲೇ ಅಕ್ಕ ಹೆದರಿ ಹೆದರಿ ಓಡಿಸಿ ಹನ್ನೊಂದು ತಟ್ಟೆ ಹಾಳು ಮಾಡಿದರು. ಅವುಗಳಲ್ಲೊಂದು ಈಗಲೂ ಕಿಟಕಿಯ ಪಕ್ಕದ ಮೊಳೆಯಲ್ಲಿ ತೂಗುತ್ತಿದೆ.

ಯಂತ್ರದ ಸದ್ದಿಗೆ ಪಳಗಿದ ಅಕ್ಕನ ಕಿವಿ ಮನೆಯಲ್ಲೂ ಸುಮ್ಮನಿರುವುದಿಲ್ಲ. "ಪಕ್ಕದ ಮನೆಯ ಮಿಕ್ಸಿ ಸದ್ದು ಕೇಳಿ, ಬ್ಲೇಡು ಮೊಂಡಾಗಿದೆ ಅಂತ ಹೇಳಿಕಳಿಸ್ತಾಳೆ ನಮ್ಮಮ್ಮ. ನಾಚಿಕೆಯಾಗೋದು ನನಗೆ" ಎನ್ನುತ್ತಾಳೆ ಮಗಳು.

ಇಪ್ಪತ್ಮೂರನೆಯ ತಟ್ಟೆಯ ಒಂಬತ್ತನೇ ಕಾಲುವೆ ಕೊರೆಯುವಾಗ ಕರೆಂಟು ಕುಗ್ಗಿ ದೀಪ ಒಮ್ಮೆ ಮಂಕಾಗುತ್ತದೆ. ಅಕ್ಕನ ಕೈ ಕಣ್ಣು ಮಿಟುಕಿಸುವಷ್ಟು ಹೊತ್ತು ನಿಂತು ಮತ್ತೆ ಸಾಗುತ್ತದೆ. ತಟ್ಟೆ ಮುಗಿದ ಮೇಲೆ ಅದನ್ನು ಉಳಿದವುಗಳ ಜತೆ ಜೋಡಿಸದೆ ಬೇರೆ ಇಡುತ್ತಾರೆ. ಕೊನೆಯ ತಟ್ಟೆಯನ್ನೂ ಮುಗಿಸಿ, ಎಂಟಕ್ಕೆ ಯಜಮಾನರು ಬಂದೊಡನೆ ಬೀರುವಿನ ಕೀಲಿ ಕೇಳುತ್ತಾರೆ. ಒಳಗಿರುವುದು ಅಲ್ಯೂಮಿನಿಯಂನ ಒಂದೇ ಒಂದು ಹೆಚ್ಚುವರಿ ತುಂಡು.

ಯಜಮಾನರು ಬೇರೆಯಿಟ್ಟ ತಟ್ಟೆಯನ್ನು ತಿರುಗಿಸಿ ತಿರುಗಿಸಿ ನೋಡುತ್ತಾರೆ. "ಏನೂ ಕಾಣ್ತಿಲ್ಲವಲ್ಲ ಅಕ್ಕಾ, ಇದನ್ನೂ ಸೇರಿಸಿಬಿಡಿ."

"ನಿಮಗೆ ಕಾಣ್ತಿಲ್ಲ. ನೀರಿಗೆ ಕಾಣುತ್ತೆ."

ಕೀಲಿ ಕೈಗೆ ಬರುತ್ತದೆ. ತಪಾಸಣೆಯವರು ಬರುವ ಹೊತ್ತಿಗೆ ಹೊಸ ತುಂಡಿನಲ್ಲಿ ಆರನೇ ಕಾಲುವೆ ಸಾಗಿದೆ. ಅವರು ಇಪ್ಪತ್ಮೂರು ತಟ್ಟೆಗಳನ್ನು ಅಳೆದು ಬದಿಗಿಟ್ಟು, ಬೇರೆಯಿದ್ದದ್ದನ್ನೂ ಎತ್ತಿಕೊಳ್ಳುತ್ತಾರೆ. ಅಳತೆ ಸರಿಯಾಗಿದೆ. "ಇದಕ್ಕೇನಾಗಿದೆ?"

"ಒಂಬತ್ತನೇ ಕಾಲುವೆ, ಅರ್ಧದ ಹತ್ತಿರ. ಅಲ್ಲಿ ನನ್ನ ಕೈ ನಿಂತಿತ್ತು" ಎನ್ನುತ್ತಾರೆ ಅಕ್ಕ, ಯಂತ್ರದಿಂದ ಕಣ್ಣು ತೆಗೆಯದೆ.

ತಪಾಸಣೆಯವರು ಭೂತಗನ್ನಡಿ ಹಿಡಿಯುತ್ತಾರೆ. ಕಾಲುವೆಯ ತಳದಲ್ಲಿ ಮೆತ್ತಿಕೊಂಡ ಲೋಹದ ಒಂದು ತೆಳು ಪದರ, ಎಳ್ಳಿನಷ್ಟು. ಎಂದಾದರೂ ಕಿತ್ತುಬಂದು ನೀರಿನ ದಾರಿ ಕಟ್ಟಬಲ್ಲದು. ಅವರು ಭೂತಗನ್ನಡಿಯನ್ನು ಜೇಬಿಗಿಟ್ಟು ಸ್ಟೂಲು ಎಳೆದುಕೊಂಡು ಕೂರುತ್ತಾರೆ. ಒಂಬತ್ತಕ್ಕೆ ಐದು ನಿಮಿಷವಿರುವಾಗ ಇಪ್ಪತ್ತನಾಲ್ಕನೆಯದು ಕೈಗೆ ಬರುತ್ತದೆ. ಅದನ್ನೂ ಅಳೆದು, ಸಹಿ ಹಾಕಿ, ಮುಂದಿನ ವರ್ಷದ ಕೆಲಸದ ನಕ್ಷೆಯನ್ನು ಯಜಮಾನರ ಮೇಜಿನ ಮೇಲಿಟ್ಟು ಹೊರಡುತ್ತಾರೆ. ಯಜಮಾನರು ಗುಜರಿಯವನಿಗೆ ಫೋನು ಮಾಡಿ, "ಬರಬೇಡಪ್ಪ" ಎನ್ನುತ್ತಾರೆ.

ಅಕ್ಕ ಆಗಲೇ ಪೊರಕೆ ಹಿಡಿದಿದ್ದಾರೆ. ತಮ್ಮ ಸುರುಳಿಯನ್ನು ಅವರು ಇನ್ನೊಬ್ಬರಿಗೆ ಗುಡಿಸಲು ಬಿಡುವುದಿಲ್ಲ. ಇನ್ನೇನು ಆಸೆಯಿದೆ ಎಂದು ಕೇಳಿದರೆ, ಒಂದು ಸುರುಳಿ ಎತ್ತಿ ಅಂಚು ನೋಡುತ್ತಾ ಹೇಳುತ್ತಾರೆ: "ಈ ಮಿಷಿನ್ನು ರಿಟೈರಾಗಲಿ, ಬೇಡ ಅನ್ನಲ್ಲ. ಆದರೆ ನನಗಿಂತ ಮೊದಲು ಆಗಬಾರದು, ಅಷ್ಟೇ."