ಕಂಡಕ್ಟ್ರಮ್ಮ ಮುಂದೆ ಹೋದ ದಿನ

ಗಂಡ ಹೆಂಡತಿ ಒಂದೇ ಬಸ್ಸಿನಲ್ಲಿ ಅರ್ಧ ಆಯುಷ್ಯ ಕಳೆದೂ ಒಬ್ಬರ ಮುಖ ಒಬ್ಬರು ಸರಿಯಾಗಿ ನೋಡಿರಲಿಲ್ಲ ಎಂದರೆ ಯಾರೂ ನಂಬುವುದಿಲ್ಲ. ಆದರೆ ಗಂಡ ಡ್ರೈವರು, ಹೆಂಡತಿ ಕಂಡಕ್ಟರು ಆದರೆ ಹಾಗೇ ಆಗುವುದು. ಡ್ರೈವರ್ ಸಾಹೇಬರು ನೋಡಿದ್ದು ರಸ್ತೆ. ಕಂಡಕ್ಟ್ರಮ್ಮ ನೋಡಿದ್ದು ಡ್ರೈವರ್ ಸಾಹೇಬರ ತಲೆಯ ಹಿಂಭಾಗ, ಅದೂ ಸೀಟು ಸಿಗದೆ ನಿಂತವರ ಕಂಕುಳ ಸಂದಿಯಿಂದ. ಆ ತಲೆಯ ಮೇಲೆ ಮೊದಲು ಕಪ್ಪು ಕೂದಲಿತ್ತು, ಆಮೇಲೆ ಬಿಳಿ ಕೂದಲಿತ್ತು, ಆಮೇಲೆ ಏನೂ ಇರಲಿಲ್ಲ. "ನಿಮಗೆ ಬೋಳಾಗ್ತಿದೆ ಅಂತ ನಿಮಗಿಂತ ಮೊದಲು ಗೊತ್ತಾಗಿದ್ದು ನನಗೆ" ಎಂದು ಅವರು ಈಗಲೂ ಹಂಗಿಸುತ್ತಾರೆ.

ಬಸ್ಸಿನಲ್ಲಿ ಇಬ್ಬರಿಗೂ ಒಂದು ಒಪ್ಪಂದವಿತ್ತು. ಒಂದು ಸೀಟಿ ಊದಿದರೆ ನಿಲ್ಲಿಸಬೇಕು, ಎರಡು ಊದಿದರೆ ಹೊರಡಬೇಕು, ಸೀಟಿಯೇ ಇಲ್ಲದಿದ್ದರೆ ಹೋಗುತ್ತಲೇ ಇರಬೇಕು. ಹಿಂದೆ ತಿರುಗಿ ನೋಡುವುದು ಮಾತ್ರ ಸಾಹೇಬರ ಜಾಯಮಾನದಲ್ಲೇ ಇರಲಿಲ್ಲ. "ಮುಂದಿನ ಸಂಸಾರ ನಂದು, ಹಿಂದಿನ ಸಂಸಾರ ನಿಂದು" ಎನ್ನುತ್ತಿದ್ದರು. ಒಮ್ಮೆ ಹಿಂದಿನ ಸೀಟಿನಲ್ಲಿ ಹೆರಿಗೆಯೇ ಆಗಿಹೋಯಿತು. ಸಾಹೇಬರಿಗೆ ಅದು ತಿಳಿದದ್ದು ಸಂಜೆ ಡಿಪೋದಲ್ಲಿ, ಹತ್ತಿದವರಿಗಿಂತ ಇಳಿದವರು ಒಬ್ಬರು ಹೆಚ್ಚು ಯಾಕೆ ಎಂದು ಕಂಡಕ್ಟ್ರಮ್ಮ ಮೇಲಧಿಕಾರಿಗೆ ವಿವರಿಸುವಾಗ.

ಇಬ್ಬರೂ ನಿವೃತ್ತರಾದ ಮೇಲಾದರೂ ಕಂಡಕ್ಟ್ರಮ್ಮನಿಗೆ ಮುಂದಿನ ನೋಟ ಸಿಗಬೇಕಿತ್ತು. ಸಿಗಲಿಲ್ಲ. ಬಂದರಿನ ಹತ್ತಿರ ಸೈಕಲ್ ಅಂಗಡಿ ಇಟ್ಟಿದ್ದ ಅಳಿಯ ಒಂದಷ್ಟು ಬ್ಯಾಟರಿ ಸೈಕಲ್ ತಂದು ಸಾಲಾಗಿ ನಿಲ್ಲಿಸಿದ. ಹೊರಗಿನಿಂದ ಬರುವವರನ್ನು ಸಮುದ್ರದ ದಂಡೆಯುದ್ದಕ್ಕೂ ಲೈಟ್‌ಹೌಸಿನವರೆಗೆ ಸುತ್ತಾಡಿಸಿ ತರಬೇಕು, ಸುಮ್ಮನೆ ಕೂತು ಒಬ್ಬರ ತಲೆ ಒಬ್ಬರು ತಿನ್ನುವ ಬದಲು ಈ ಕೆಲಸ ಮಾಡಿ ಎಂದ. ಅಳಿಯನ ಯೋಜನೆಯೇನೋ ಚೆನ್ನಾಗಿತ್ತು. "ಮಾವ ಮುಂದೆ, ಅತ್ತೆ ಹಿಂದೆ" ಎಂದು ಅವನು ಯೋಚನೆಯೇ ಮಾಡದೆ ಹೇಳಿದ್ದೇ ಕಂಡಕ್ಟ್ರಮ್ಮನ ಹೊಟ್ಟೆ ಉರಿಸಿದ್ದು. ಮಾವನಿಗೆ ಹಿಂದಿನವರು ಕಾಣಲಿ ಎಂದು ಹ್ಯಾಂಡಲಿಗೆ ಒಂದು ಕನ್ನಡಿಯನ್ನೂ ಹಾಕಿಕೊಟ್ಟ. ಸಾಹೇಬರು ಅದನ್ನು ಸರಿಯಾಗಿ ತಿರುಗಿಸಿ, ತಮ್ಮ ಮೀಸೆ ಕಾಣುವ ಹಾಗೆ ಬಿಗಿ ಮಾಡಿಕೊಂಡರು.

ಹೀಗೆ ಕಂಡಕ್ಟ್ರಮ್ಮ ಮತ್ತೆ ಹಿಂದೆಯೇ ಬಿದ್ದರು. ಒಂದು ಬೆನ್ನಿನ ಬದಲು ಈಗ ಐದಾರು ಬೆನ್ನು, ಅಷ್ಟೇ. ಒಂದು ದಿನ ಬೆಳಿಗ್ಗೆ ಅಂಗಡಿಯ ಶೆಡ್ಡಿನಲ್ಲಿ ಅವರು ಧೈರ್ಯ ಮಾಡಿ ಬಾಯಿಬಿಟ್ಟರು.

"ರೀ, ಇವತ್ತು ನಾನು ಮುಂದೆ ಹೋಗ್ತೀನಿ."

ಸಾಹೇಬರು ಪಂಪು ಹಿಡಿದು ಟೈರಿಗೆ ಗಾಳಿ ಹೊಡೆಯುತ್ತಿದ್ದರು. "ಎಲ್ಲಿಗೆ?"

"ಎಲ್ಲಿಗೂ ಅಲ್ಲ. ಸಾಲಿನ ಮುಂದೆ."

ಪಂಪು ನಿಂತಿತು. "ಮುಂದೆ ಹೋಗೋದು ಅಂದ್ರೆ ಮಕ್ಕಳಾಟ ಅನ್ಕೊಂಡಿದ್ದೀಯಾ? ಎಷ್ಟು ಜವಾಬ್ದಾರಿ, ಎಷ್ಟು ಟೆನ್ಷನ್! ನಿನ್ನ ಕೈಲಾಗೋ ಕೆಲಸ ಅಲ್ಲ ಬಿಡು. ಹಿಂದೆ ಆರಾಮಾಗಿ ಬರ್ತೀಯಲ್ಲ, ಬಾ."

"ಒಂದೇ ಒಂದು ದಿನ ಕಣ್ರೀ. ನಾನೂ ಸಮುದ್ರ ನೋಡಬೇಡ್ವಾ?"

"ಸಮುದ್ರ ಎಲ್ಲಿಗೆ ಓಡಿಹೋಗುತ್ತೆ? ಪಕ್ಕದಲ್ಲೇ ಇರುತ್ತೆ. ನೋಡ್ಕೊಂಡು ಬಾ."

"ನಾನು ಪಕ್ಕಕ್ಕೆ ನೋಡಿದ್ರೆ ಮುಂದಿರೋರಲ್ಲಿ ಯಾರಾದ್ರೊಬ್ರು ಬೀಳ್ತಾರೆ!"

ಸಾಹೇಬರು ಅದನ್ನು ಕಿವಿಗೇ ಹಾಕಿಕೊಳ್ಳಲಿಲ್ಲ. ಕಂಡಕ್ಟ್ರಮ್ಮ ಮುಖ ಊದಿಸಿಕೊಂಡು ಹೆಲ್ಮೆಟ್ ಹಂಚಲು ಹೋದರು. ಮಾತು ಬಂದ್. ಸೀಟಿ ಮಾತ್ರ ಡ್ಯೂಟಿ, ಅದಕ್ಕೆ ಮುನಿಸು ತಟ್ಟುವುದಿಲ್ಲ.

ಅಂದು ಬಂದವರು ಐದು ಜನ. ಮದುವೆಯಾಗಿ ಇನ್ನೂ ಬಿಸಿ ಆರದ ಹೊಸ ಜೋಡಿ, ಇಬ್ಬರದೂ ಒಂದೇ ಬಣ್ಣದ ಅಂಗಿ. ಒಬ್ಬ ಹಲ್ಲಿನ ಡಾಕ್ಟರಮ್ಮ, ಜೊತೆಗೆ ಅವರ ಅತ್ತೆ. ಐದನೆಯವರು ಬಟ್ಟೆ ಅಂಗಡಿಯ ಯಜಮಾನರು, ಸೈಕಲ್ಲಿಗಿಂತ ಸ್ವಲ್ಪ ಅಗಲ. ಕಂಡಕ್ಟ್ರಮ್ಮ ಯಜಮಾನರ ಕೈಗೆ ಹೆಲ್ಮೆಟ್ ಕೊಡುತ್ತಾ ಅಭ್ಯಾಸಬಲದಿಂದ "ಎಲ್ಲಿಗೆ?" ಎಂದು ಕೇಳಿಬಿಟ್ಟರು. "ನೀವು ಕರ್ಕೊಂಡು ಹೋದಲ್ಲಿಗೆ ತಾಯಿ" ಎಂದರು ಅವರು, ಆಗಲೇ ಅರ್ಧ ಹೆದರಿ.

ಎರಡು ಸೀಟಿ. ಸಾಲು ಹೊರಟಿತು. ಬಂದರಿನ ಐಸ್ ಫ್ಯಾಕ್ಟರಿ, ಹಗ್ಗದ ಗೋದಾಮು ದಾಟಿ ರಸ್ತೆ ಬಂಡೆಗಳ ನೆತ್ತಿಗೆ ಏರುತ್ತದೆ. ಒಂದು ಕಡೆ ಗುಡ್ಡ, ಇನ್ನೊಂದು ಕಡೆ ಸಮುದ್ರ. ಹೊಸ ಜೋಡಿ ಒಬ್ಬರ ಕೈ ಒಬ್ಬರು ಹಿಡಿದುಕೊಂಡೇ ಸೈಕಲ್ ಬಿಡುತ್ತಿತ್ತು. ಯಜಮಾನರು ರಸ್ತೆಯ ಎರಡೂ ಅಂಚುಗಳನ್ನು ವಿಚಾರಿಸಿಕೊಂಡು ಹೋಗುತ್ತಿದ್ದರು. ಅತ್ತೆಯವರಂತೂ ಬ್ಯಾಟರಿಯ ಗುಂಡಿಯನ್ನು ಕೊನೆಯವರೆಗೂ ತಿರುಗಿಸಿ, ಸೊಸೆ "ಅತ್ತೆ, ನಿಧಾನ!" ಎಂದು ಅರಚುವಷ್ಟರಲ್ಲಿ ತಿರುವು ದಾಟಿರುತ್ತಿದ್ದರು. ಕಂಡಕ್ಟ್ರಮ್ಮ ಹಿಂದಿನಿಂದ "ಒಳಗೆ ಬನ್ನಿ, ಒಳಗೆ ಬನ್ನಿ, ಮುಂದೆ ಖಾಲಿ ಇದೆ" ಎಂದು ಕೂಗುತ್ತಾ ಜೀವ ಕೈಯಲ್ಲಿ ಹಿಡಿದುಕೊಂಡು ಬಂದರು. ಸಮುದ್ರ ಯಾವ ಬಣ್ಣದಲ್ಲಿತ್ತೋ ಅವರಿಗೆ ಗೊತ್ತಿಲ್ಲ.

ಏರು ಮುಗಿಯುವಲ್ಲಿ ಅತ್ತೆಯವರ ಶಾಲು ಚೈನಿಗೆ ಸಿಕ್ಕಿಕೊಂಡಿತು. ಕಂಡಕ್ಟ್ರಮ್ಮ ಒಂದು ಸೀಟಿ ಊದಿದರು. ಐವರೂ ನಿಂತರು. ಸಾಹೇಬರು ನಿಲ್ಲಲಿಲ್ಲ. ಸಮುದ್ರದ ಗಾಳಿ ಎದುರಿನಿಂದ ಬೀಸುತ್ತಿತ್ತು, ಸೀಟಿಯನ್ನು ಹಾಗೇ ಎತ್ತಿಕೊಂಡು ಬಂದರಿನ ಕಡೆಗೆ ಹೋಯಿತು. ಕಂಡಕ್ಟ್ರಮ್ಮ ಕೆನ್ನೆ ನೋಯುವವರೆಗೂ ಊದಿದರು. ಸಾಹೇಬರ ಹೆಲ್ಮೆಟ್ ಗುಂಡಗೆ, ನೆಮ್ಮದಿಯಾಗಿ, ತಿರುವಿನಲ್ಲಿ ಮರೆಯಾಯಿತು.

"ನಮ್ಮನ್ನ ಬಿಟ್ಟೇ ಹೋದ್ರಲ್ಲ!" ಎಂದಳು ಹೊಸ ಹೆಂಡತಿ.

"ಇನ್ನೇನು, ಹಿಂದೆ ತಿರುಗಿ ನೋಡ್ತಾರೆ ಬಿಡಮ್ಮ" ಎಂದರು ಯಜಮಾನರು.

ಕಂಡಕ್ಟ್ರಮ್ಮ ನಕ್ಕುಬಿಟ್ಟರು. ಹೆರಿಗೆಗೇ ತಿರುಗದ ಕತ್ತು ಶಾಲಿಗೆ ತಿರುಗುತ್ತದೆಯೇ? ಸೀಟಿ ಕೇಳಿಸಲಿಲ್ಲವೆಂದರೆ ಆ ಮನುಷ್ಯ ಭೂಮಿ ಮುಗಿಯುವವರೆಗೂ ಹೋಗುವವರೇ. ಹಲ್ಲಿನ ಡಾಕ್ಟರಮ್ಮ ಸಾಹೇಬರಿಗೆ ಫೋನು ಹಚ್ಚಿದರು. ಗಾಡಿ ಮೇಲಿರುವಾಗ ಸಾಹೇಬರು ಫೋನು ಮುಟ್ಟಿದವರಲ್ಲ. ಅದು ಅವರ ಜೇಬಿನಲ್ಲಿ ಬಾಯಿ ಬಡಿದುಕೊಂಡು ಸುಮ್ಮನಾಯಿತು.

ಶಾಲು ಬಿಡಿಸಿದ್ದಾಯಿತು, ತಿರುವು ದಾಟಿದ್ದಾಯಿತು. ಅಲ್ಲಿ ರಸ್ತೆ ಎರಡಾಗಿ ಒಡೆದಿತ್ತು. ಕಂಡಕ್ಟ್ರಮ್ಮ ಬ್ರೇಕು ಹಿಡಿದರು. ಈ ದಾರಿಯಲ್ಲಿ ಅವರು ಎಷ್ಟೋ ಸಲ ಬಂದಿದ್ದಾರೆ, ಆದರೆ ಕಂಡದ್ದೆಲ್ಲ ಬೆನ್ನು. ಎಲ್ಲರ ಕತ್ತೂ ಒಟ್ಟಿಗೆ ಎಡಕ್ಕೆ ಹೊರಳಿದರೆ ಅಲ್ಲಿ ಬೋಟು ಕಾಣುತ್ತದೆ ಎಂದು ಗೊತ್ತು. ಎಲ್ಲರ ಅಂಡೂ ಸೀಟಿನಿಂದ ಒಂದು ಗೇಣು ಮೇಲೆದ್ದರೆ ಅಲ್ಲಿ ಹಂಪ್ ಇದೆ ಎಂದು ಗೊತ್ತು. ಈಗ ಮುಂದೆ ಕತ್ತೂ ಇಲ್ಲ, ಅಂಡೂ ಇಲ್ಲ. ಬರೀ ರಸ್ತೆ.

"ದಾರಿ ಗೊತ್ತಲ್ವಾ ಆಂಟಿ?" ಎಂದು ಹೊಸ ಗಂಡ ಕೇಳಿದ.

"ಗೊತ್ತಿಲ್ದೆ ಬರ್ತೀನೇನಪ್ಪಾ? ಬನ್ನಿ, ಬನ್ನಿ!" ಎಂದು ಕಂಡಕ್ಟ್ರಮ್ಮ ಎಡಕ್ಕೆ ತಿರುಗಿಸಿದರು. ಕಾರಣ ಇಷ್ಟೇ: ಎಡಗಡೆಯದು ಇಳಿಜಾರು, ಸಮುದ್ರ ಇರುವುದೂ ಕೆಳಗೇ.

ಇಳಿಜಾರಿನಲ್ಲಿ ಸೈಕಲ್ ತಾನಾಗಿಯೇ ಹಗುರಾಯಿತು. ಗಾಳಿ ಮುಖಕ್ಕೆ ನೇರವಾಗಿ ಬಡಿಯಿತು, ನಡುವೆ ಯಾರೂ ಇರಲಿಲ್ಲ. ಮರಗಳು ಸರಿದವು, ಸಮುದ್ರ ಒಮ್ಮೆಲೇ ಅಷ್ಟಗಲ ತೆರೆದುಕೊಂಡಿತು. ಹಸಿರಾಗಿತ್ತು! ನೀಲಿ ಇರುತ್ತದೆ ಎಂದು ಸಾಹೇಬರು ದಿನಾ ಭಾಷಣ ಬಿಗಿಯುತ್ತಿದ್ದರಲ್ಲ, ಶುದ್ಧ ಸುಳ್ಳು. ಕಂಡಕ್ಟ್ರಮ್ಮನಿಗೆ ಎಷ್ಟು ಖುಷಿಯಾಯಿತೆಂದರೆ, ಇಷ್ಟು ವಯಸ್ಸಾದ ಹೆಂಗಸು ಕೂಗಬಾರದು ಎಂಬುದನ್ನೂ ಮರೆತು "ಹೋ!" ಎಂದು ಕೂಗಿದರು. ಹಿಂದಿನಿಂದ ಐದು ಗಂಟಲು "ಹೋ!" ಎಂದವು. ಅತ್ತೆಯವರದು ಎಲ್ಲರಿಗಿಂತ ಜೋರು.

ಆ ಖುಷಿಯಲ್ಲಿ ಒಂದು ತೆರೆದ ಗೇಟು ಬಂತು. ಗೇಟು ತೆರೆದಿದ್ದರೆ ಅದು ರಸ್ತೆಯೇ ಇರಬೇಕು ಎಂದು ಕಂಡಕ್ಟ್ರಮ್ಮ ನುಗ್ಗಿದರು. ಅದು ಒಂದು ದೊಡ್ಡ ಹೋಟೆಲಿನ ಹಿತ್ತಲು. ಈ ತುದಿಯಿಂದ ಆ ತುದಿಯವರೆಗೆ ಹಗ್ಗ ಕಟ್ಟಿ ಆಗತಾನೇ ಒಗೆದ ಬೆಡ್‌ಶೀಟುಗಳನ್ನು ಒಣಹಾಕಿದ್ದರು. ಬ್ರೇಕು ಹಿಡಿಯುವಷ್ಟರಲ್ಲಿ ಮೊದಲ ಬೆಡ್‌ಶೀಟು ಕಂಡಕ್ಟ್ರಮ್ಮನ ಮುಖ ಒರೆಸಿತು, ಎರಡನೆಯದು ಹೆಲ್ಮೆಟ್ ಒರೆಸಿತು. ಹೊಸ ಜೋಡಿ ಒಂದೇ ಬೆಡ್‌ಶೀಟಿನಲ್ಲಿ ಸುತ್ತಿಕೊಂಡು, ಬಿಡಿಸಿಕೊಳ್ಳುವ ಅವಸರವನ್ನೇನೂ ತೋರಿಸಲಿಲ್ಲ. ಯಜಮಾನರು ಸೈಕಲ್ ಇಳಿದು ಒಂದು ಬೆಡ್‌ಶೀಟಿನ ಅಂಚನ್ನು ಬೆರಳಲ್ಲಿ ಉಜ್ಜಿ ನೋಡಿ, "ಕಾಟನ್ ಅಂತ ಹೇಳಿ ಕೊಟ್ಟಿದ್ದಾರೆ, ಅಲ್ಲ" ಎಂದು ತೀರ್ಪು ಕೊಟ್ಟರು. ಬಟ್ಟೆ ಒಗೆಯುವ ಹೆಂಗಸು ಕ್ಲಿಪ್ಪಿನ ಬುಟ್ಟಿ ಹಿಡಿದು ಓಡಿ ಬಂದಳು.

"ಅಯ್ಯೋ ನಿಮ್ಮ! ಯಾರು ನೀವೆಲ್ಲ? ಈಗಿನ್ನೂ ಹಿಂಡಿ ಹಾಕಿದ್ದೀನಿ!"

"ತಪ್ಪಾಯ್ತು ತಂಗಿ, ದಾರಿ ತಪ್ತು. ಲೈಟ್‌ಹೌಸಿಗೆ ಹೇಗೆ ಹೋಗೋದು?"

"ಆ ಕಡೆ ಬಾಗಿಲಿಂದ ಹೊರಗೆ ಬಿದ್ರೆ ಅದೇ ರಸ್ತೆ. ಹೋಗಿ, ಹೋಗಿ, ಇನ್ನೊಂದು ಮುಟ್ಟಬೇಡಿ!"

ಹೊರಗೆ ಬಂದಾಗ ಆರು ಜನರೂ ಅರ್ಧ ಒದ್ದೆ, ಸೋಪಿನ ವಾಸನೆ, ನಕ್ಕು ನಕ್ಕು ಹೊಟ್ಟೆ ನೋವು. "ದಿನಾ ಇದೇ ದಾರೀಲಿ ಕರ್ಕೊಂಡು ಬರ್ತೀರಾ?" ಎಂದು ಅತ್ತೆಯವರು ಕೇಳಿದರು. ಕಂಡಕ್ಟ್ರಮ್ಮ ಇಲ್ಲ ಎನ್ನಲಿಲ್ಲ.

ಲೈಟ್‌ಹೌಸಿನ ಕೆಳಗೆ, ಬಂಡೆಯ ಮೇಲೆ, ಸಮುದ್ರಕ್ಕೆ ಮುಖ ಮಾಡಿ ಸಾಹೇಬರು ನಿಂತಿದ್ದರು. ಒಂದು ಕೈ ಸೊಂಟದ ಮೇಲೆ, ಇನ್ನೊಂದು ಕೈ ದಿಗಂತದ ಕಡೆಗೆ. ಭಾಷಣ ಭರ್ಜರಿಯಾಗಿ ಸಾಗಿತ್ತು. ಅವರ ಹಿಂದೆ ಕೇಳುತ್ತಾ ನಿಂತದ್ದು ಒಂದು ಮೇಕೆ.

"...ಈ ನೀಲಿ ಸಮುದ್ರ ನೋಡಿದ್ರಲ್ಲ, ಇಂಥದ್ದು ಇನ್ನೆಲ್ಲೂ ಸಿಗಲ್ಲ. ಯಾರಿಗಾದ್ರೂ ಏನಾದ್ರೂ ಕೇಳೋದಿದೆಯಾ?"

ಮೇಕೆ ಮ್ಯಾ ಎಂದಿತು.

"ಸ್ವಲ್ಪ ಜೋರಾಗಿ ಕೇಳಿ, ಗಾಳಿ ಇದೆ" ಎಂದರು ಸಾಹೇಬರು.

ಯಜಮಾನರಿಗೆ ತಡೆಯಲಾಗಲಿಲ್ಲ, ಹೊಟ್ಟೆ ಹಿಡಿದುಕೊಂಡು ಬಂಡೆಯ ಮೇಲೇ ಕೂತುಬಿಟ್ಟರು. ನಗು ಕೇಳಿ ಸಾಹೇಬರು ಜನ್ಮದಲ್ಲಿ ಮೊದಲ ಸಲ ಹಿಂದೆ ತಿರುಗಿದರು. ಮೇಕೆಯನ್ನು ನೋಡಿದರು, ಒದ್ದೆಯಾದ ಆರು ಜನರನ್ನು ನೋಡಿದರು, ಇಂಗು ತಿಂದ ಮಂಗನ ಹಾಗೆ ನಿಂತರು.

"ಸೀಟಿ ಊದಲಿಲ್ಲ ನೀನು!" ಎಂದರು ಕೊನೆಗೆ.

"ಊದಿದೆ. ಮೇಕೆ ಕೇಳಿಸಿಕೊಂಡಿರಬೇಕು" ಎಂದರು ಕಂಡಕ್ಟ್ರಮ್ಮ.

ವಾಪಸು ಹೊರಡುವಾಗ ಅತ್ತೆಯವರು ಹಟ ಹಿಡಿದರು. ಕಂಡಕ್ಟ್ರಮ್ಮನೇ ಮುಂದೆ ಹೋಗಬೇಕು, ಇಲ್ಲದಿದ್ದರೆ ತಾವು ಸೈಕಲ್ಲೇ ಹತ್ತುವುದಿಲ್ಲ. "ನಿಮ್ಮ ದಾರೀಲಿ ಬೆಡ್‌ಶೀಟ್ ಇದೆಯಾ?" ಎಂದು ಸಾಹೇಬರನ್ನೇ ಕೇಳಿದರು. ಸಾಹೇಬರು ಹೆಂಡತಿಯ ಕಡೆ ಕೈಚಾಚಿ ಸೀಟಿ ಇಸಿದುಕೊಂಡರು.

ಈ ಸಲ ಕಂಡಕ್ಟ್ರಮ್ಮ ಮಾಮೂಲಿ ರಸ್ತೆಯಲ್ಲೇ, ಬೋರ್ಡು ನೋಡಿಕೊಂಡು ಹೋದರು. ಹಿಂದಿನಿಂದ ಸೀಟಿ ಶುರುವಾಯಿತು. ಒಂದು, ಮೂರು, ಆರು, ಎಂಟು, ಲೆಕ್ಕವೇ ಇಲ್ಲ. ನಡುನಡುವೆ "ಕೈ ಬಿಡ್ರೋ!", "ಯಜಮಾನ್ರೇ, ಈ ಕಡೆ, ಈ ಕಡೆ!", "ಅಮ್ಮಾ, ನಿಲ್ಲಿ, ನಿಮ್ಮ ಕಾಲಿಗೆ ಬೀಳ್ತೀನಿ!" ಎಂಬ ಕೂಗು. ಕಂಡಕ್ಟ್ರಮ್ಮ ತಿರುಗಲಿಲ್ಲ. ಹಿಂದಿನ ಸಂಸಾರ ಇವತ್ತು ಅವರದಲ್ಲ.

ಸಂಜೆ ಎಲ್ಲರನ್ನೂ ಕಳಿಸಿದ ಮೇಲೆ ಸಾಹೇಬರು ಶೆಡ್ಡಿನ ಕುರ್ಚಿಯಲ್ಲಿ ಕುಸಿದರು. ಅಂಗಿ ಬೆನ್ನಿಗಂಟಿತ್ತು, ಗಂಟಲು ಕಟ್ಟಿತ್ತು.

"ಲೇ, ಜೀವ ಬಾಯಿಗೆ ಬಂತು ಕಣೇ. ಯಾರು ಎಲ್ಲಿ ಬೀಳ್ತಾರೋ ಅಂತ ಕಣ್ಣು ಮಿಟುಕಿಸೋಕೂ ಭಯ. ನೀನು ದಿನಾ ಹಿಂಗೇ ಬರ್ತಿದ್ಯಾ?"

"ದಿನಾ."

"ಬಸ್ಸಲ್ಲೂ?"

"ಬಸ್ಸಲ್ಲಿ ಐದೇ ಜನ ಇರ್ತಿದ್ರಾ?"

"ಒಂದಿನಾನೂ ಹೇಳಲಿಲ್ಲ ನೀನು" ಎಂದರು ಸಾಹೇಬರು. ದನಿ ಸಣ್ಣಗಾಗಿತ್ತು. ಕಂಡಕ್ಟ್ರಮ್ಮನಿಗೆ ಪಾಪ ಅನಿಸಿತು. ಒಂದು ಲೋಟ ನೀರು ತಂದು ಅವರ ಕೈಗೆ ಕೊಟ್ಟರು. ಕೊಡುತ್ತಿದ್ದ ಹಾಗೇ ಅವರಿಗೆ ತಾವು ಇಡೀ ಮಧ್ಯಾಹ್ನ ಮುಂದೆ ಕಳೆದದ್ದು ನೆನಪಾಯಿತು. ತಣ್ಣನೆಯ ಗಾಳಿ. ಹಸಿರು ಸಮುದ್ರ. ಅಡ್ಡ ಒಂದು ಬೆನ್ನೂ ಇಲ್ಲ. ಟೆನ್ಷನ್ ಎಲ್ಲಿತ್ತು? ಅವರು ಹುಡುಕಿ ನೋಡಿದರು, ಸಾಸಿವೆಯಷ್ಟೂ ಸಿಗಲಿಲ್ಲ. ಹಾಗಾದರೆ ನೌಕರಿಯುದ್ದಕ್ಕೂ ಪ್ರತಿ ರಾತ್ರಿ ಈ ಮನುಷ್ಯ ಮನೆಗೆ ಬಂದು "ಮುಂದೆ ಕೂತೋನ ಕಷ್ಟ ನಿಂಗೇನು ಗೊತ್ತು" ಎಂದು ನರಳುತ್ತಾ ಕಾಲು ಚಾಚಿದ್ದು? ಅದೇ ಬಸ್ಸಿನಲ್ಲಿ ದಿನವಿಡೀ ನಿಂತು ಬಂದ ತಾವು ಬಿಸಿನೀರು ಕಾಯಿಸಿ, ಆ ಕಾಲನ್ನು ಮಡಿಲಲ್ಲಿಟ್ಟುಕೊಂಡು ಒತ್ತಿದ್ದು?

ಪಿತ್ತ ನೆತ್ತಿಗೇರಿತು.

"ರೀ! ಮುಂದೆ ಕೂತ್ಕೊಂಡು ಅರ್ಧ ಆಯುಷ್ಯ ನೀವು ಪಟ್ಟ ಕಷ್ಟ ಇದೇನಾ?"

ಸಾಹೇಬರು ಲೋಟದೊಳಗೆ ಇಣುಕಿ ನೋಡತೊಡಗಿದರು.

ಕಂಡಕ್ಟ್ರಮ್ಮ ಇನ್ನೊಂದು ಕುರ್ಚಿಯನ್ನು ದರದರ ಎಳೆದು ಅವರ ಎದುರಿಗೆ ಹಾಕಿ ಕೂತರು. ಚಪ್ಪಲಿ ಕಳಚಿದರು. ಎರಡೂ ಕಾಲನ್ನು ಎತ್ತಿ ಸಾಹೇಬರ ಮಡಿಲಲ್ಲಿ ಧಪ್ಪೆಂದು ಇಟ್ಟರು.

"ಒತ್ತಿ" ಎಂದರು.

ಸಾಹೇಬರು ಲೋಟ ಕೆಳಗಿಟ್ಟು ಎಡಗಾಲಿನಿಂದ ಶುರು ಮಾಡಿದರು.