ಹಳೇ ಕಾರಿಗೆ ಹೊಸ ಗ್ಯಾಸು

ಅಪ್ಪನ ಕಾಲದ ಕಾರನ್ನು ಮಾರಿಬಿಡು ಎಂದು ಮನೆಯವರೆಲ್ಲ ಹೇಳಿದರೂ ನಾನು ಕೇಳಲಿಲ್ಲ. ಮೊದಲಿನಿಂದಲೂ ನನಗೆ ಹಟ ಜಾಸ್ತಿ. ಈ ಬೇಸಿಗೆಯಲ್ಲಿ ಅದರ ಎ.ಸಿ. ಕೈಕೊಟ್ಟಾಗ ರಾಮನಗರದಿಂದ ಚನ್ನಪಟ್ಟಣಕ್ಕೆ ಒಯ್ದೆ. ಅಲ್ಲಿನ ವಯಸ್ಸಾದ ಮೆಕ್ಯಾನಿಕ್ ಅಪ್ಪನಿದ್ದಾಗಿನಿಂದ ಆ ಕಾರನ್ನು ಬಲ್ಲವರು. ನಾವು ಅವರನ್ನು ಸಾಹೇಬರು ಎನ್ನುತ್ತೇವೆ.

ಇದರ ಹಳೇ ಗ್ಯಾಸು ಈಗ ಎಲ್ಲೂ ಸಿಗುವುದಿಲ್ಲ ಎಂದರು. ಹೊಸ ಗ್ಯಾಸು ತುಂಬಬೇಕಾದರೆ ಪೈಪು, ರಬ್ಬರ್ ರಿಂಗು, ಕಂಪ್ರೆಸರ್ ಆಯಿಲ್ ಎಲ್ಲವನ್ನೂ ಬದಲಾಯಿಸಬೇಕು. ಅದಕ್ಕೂ ಮೊದಲು, ಉಳಿದ ಹಳೇ ಗ್ಯಾಸು ಎಲ್ಲಿ ಸೋರುತ್ತಿದೆ ಎಂದು ಹುಡುಕಬೇಕು. ಸಾಮಾನು ಬರಲು ಎರಡು ವಾರ ಕಾಯಿರಿ ಎಂದರು.

ಕಾಯುವುದು ನನ್ನ ಜಾಯಮಾನವಲ್ಲ. ಮೂರನೇ ದಿನವೇ ಕುದೂರಿನ ಮದುವೆಗೆ ಹೊರಟಾಗ, ಹೆಂಡತಿಯ ಬೆವರಿದ ಮುಖ ನೋಡಲಾರದೆ ಮಾಗಡಿಯ ಬಳಿ ಒಂದು ಎ.ಸಿ. ರಿಪೇರಿ ಅಂಗಡಿಯ ಮುಂದೆ ನಿಲ್ಲಿಸಿದೆ. ಏನೂ ಬದಲಾಯಿಸುವುದು ಬೇಡ, ಅರ್ಧ ಗಂಟೆ ಸಾಕು ಎಂದವನು ಒಳಗಿನಿಂದ ಕೆಂಪು ಸಿಲಿಂಡರ್ ಉರುಳಿಸಿಕೊಂಡು ಬಂದ. ನಮ್ಮ ಅಡುಗೆಮನೆಯಲ್ಲಿರುವಂಥದ್ದೇ. ನೋಡಿದೆ, ಕೇಳಲಿಲ್ಲ. ತಣ್ಣನೆ ಗಾಳಿ ಬಂದರೆ ಸಾಕಿತ್ತು, ಬಂತು.

ಹತ್ತು ದಿನಕ್ಕೆ ತಂಪು ಇಳಿಯಿತು, ಕಾಲ ಬಳಿ ವಾಸನೆ ಎದ್ದಿತು. ಒಲೆ ಆರಿಸಿ ಬಂದೆನೋ ಇಲ್ಲವೋ ಎಂದು ಹೆಂಡತಿ ದಾರಿಯುದ್ದಕ್ಕೂ ಚಡಪಡಿಸಿದಳು. ನಾನು ಕಿಟಕಿ ಇಳಿಸಿದೆ. ಸಿಗರೇಟು ಬಿಟ್ಟು ಆರು ವರ್ಷವಾದದ್ದು ನಮ್ಮ ಪುಣ್ಯ ಎಂದುಕೊಂಡೆನೇ ಹೊರತು ಬಾಯಿ ಬಿಡಲಿಲ್ಲ.

ಸಾಮಾನು ಬಂದಿದೆ ಎಂದು ಸಾಹೇಬರು ಫೋನ್ ಮಾಡಿದರು. ಕಾರು ಒಳಗೆ ನಿಲ್ಲಿಸಿದ ಮೇಲೆ, ನಡುವೆ ಬೇರೆ ಯಾರೂ ಕೈ ಹಾಕಿಲ್ಲ ತಾನೆ ಎಂದು ಕೇಳಿದರು. ಅವರ ಬೈಗುಳಕ್ಕೆ ಅಪ್ಪನೇ ಹೆದರುತ್ತಿದ್ದ. ನಿಮ್ಮನ್ನು ಬಿಟ್ಟು ಯಾರಿಗೆ ಕೊಡಲಿ ಎಂದು ನಕ್ಕೆ. ನಂಬಿದರು.

ಬಾನೆಟ್ ಎತ್ತಿದ್ದೇ ವಾಸನೆ ನನ್ನ ಮೂಗಿಗೆ ಬಡಿಯಿತು. ಕೊರೋನಾ ಬಂದು ಹೋದ ಮೇಲೆ ಸಾಹೇಬರಿಗೆ ಯಾವ ವಾಸನೆಯೂ ತಿಳಿಯುವುದಿಲ್ಲ. ಅವರು ಗಾಳಿ ಬಾರದಂತೆ ಷಟರ್ ಅರ್ಧ ಎಳೆದು, ಕಪಾಟಿನಿಂದ ಒಂದು ಸ್ಪಿರಿಟ್ ದೀಪ ತೆಗೆದರು. ಹಳೇ ಗ್ಯಾಸು ಸೋರುವ ಕಡೆ ಹಿಡಿದರೆ ಇದರ ಜ್ವಾಲೆ ಹಸಿರಾಗುತ್ತದೆ, ಈಗಿನವರಿಗೆ ಈ ವಿದ್ಯೆ ಗೊತ್ತಿಲ್ಲ ಎಂದು ಹೆಮ್ಮೆಯಿಂದ ಹೇಳಿದರು. ಪೈಪಿನ ಮೇಲೆ ಬಗ್ಗಿ ಬೆಂಕಿಪೊಟ್ಟಣ ತೆರೆದರು. ಈಗ ಹೇಳಬೇಕು ಅಂದುಕೊಂಡೆ. ಹೇಳಲು ನಾಚಿಕೆಯಾಯಿತು. ಕಡ್ಡಿ ಪೊಟ್ಟಣಕ್ಕೆ ತಾಗಿತು.

"ಬೇಡಿ ಸಾಹೇಬ್ರೇ, ಅದ್ರಲ್ಲಿ ಅಡ್ಗೆ ಗ್ಯಾಸ್ ಐತೆ."

ಅವರ ಕೈ ಹಾಗೇ ನಿಂತಿತು. ಆಮೇಲೆ ಕಡ್ಡಿಯನ್ನು ಪೊಟ್ಟಣಕ್ಕೆ ಹಾಕಿ, ಪೊಟ್ಟಣವನ್ನು ಜೇಬಿಗಿಳಿಸಿ, ಷಟರನ್ನು ಪೂರಾ ಎತ್ತಿದರು. ಇಬ್ಬರೂ ಸೇರಿ ಕಾರನ್ನು ಬಯಲಿಗೆ ತಳ್ಳಿದೆವು. ನಾನು ಮದುವೆ, ಸೆಕೆ, ಮಾಗಡಿ ಎಂದು ಒಂದೇ ಸಮನೆ ಬಡಬಡಿಸುತ್ತಿದ್ದೆ. ಅವರು ಬೈಯಲಿಲ್ಲ.

"ಅದೆಲ್ಲ ಇರ್ಲಿ ಬುಡಿ," ಎಂದರು ಕೊನೆಗೆ. "ಬೇಡಿ ಅನ್ನಾಕೆ ಮುಂಚೇನೇ ನೀವು ಬಾಗ್ಲತಾವ ಹೋಗಿ ನಿಂತಿದ್ರಲ್ಲ, ಅದ್ಯಾಕೆ?"

ನನಗೆ ಗೊತ್ತೇ ಆಗಲಿಲ್ಲ ಎಂದೆ. ಅದು ಆ ದಿನ ನಾನು ಅವರಿಗೆ ಹೇಳಿದ ಎರಡನೇ ಸುಳ್ಳು.