ಚಂದ್ರಮತಿ ಇಳಿಸಿದ ಪರಿಮಳದ ಮಾಲೆ

ಉಪ್ಪುಂದದ ಬಚ್ಚ ಮರಕಾಲ ಎಂದರೆ, ಸೊಂಟಕ್ಕೆ ಹಗ್ಗ ಬಿಗಿದುಕೊಂಡು ಮಗುಚಿದ ದೋಣಿಯ ನಾಲ್ವರನ್ನು ದಡಕ್ಕೆ ಎಳೆದು ತಂದು, ಮಾರನೆಯ ಬೆಳಗ್ಗೆ ಏನೂ ಆಗದವನಂತೆ ಅದೇ ಹಗ್ಗ ಹಿಡಿದು ಬಲೆಗೆ ಹೋದ ಆಳು. ಅವನ ಮಗಳು ಕಮಲ ಮೀನು ಬುಟ್ಟಿ ಹೊತ್ತು ಸಿದ್ದಾಪುರದ ಕಡೆಯ ಮನೆಮನೆ ಹತ್ತಿದವಳು. ಹಳೆಯ ಮೀನಿನ ಮೇಲೆ ನಾಲ್ಕು ಮುಷ್ಟಿ ಹೊಯಿಗೆ, ಅಂದರೆ ಕಡಲ ಮರಳು, ಎರಚಿ, ಈಗಷ್ಟೇ ದಡಕ್ಕೆ ಬಿದ್ದದ್ದು ಎಂದು ಮಾರುವ ಚಾಳಿ ಆಗ ಹಲವರಿಗಿತ್ತು. ಕಮಲ ಆ ಕೆಲಸ ಮಾಡಲಿಲ್ಲ. ಒಂದು ಬೇಸಿಗೆ ಬಸ್ಸು ದಾರಿಯಲ್ಲೇ ಕೆಟ್ಟು, ಬುಟ್ಟಿ ತುಂಬ ಇದ್ದ ಬಂಗುಡೆ ಮೆತ್ತಗಾದಾಗ ಅಷ್ಟನ್ನೂ ಯಾರದೋ ತೆಂಗಿನ ಬುಡದಲ್ಲಿ ಹೂತು ಬರಿ ಬುಟ್ಟಿ ಹೊತ್ತು ಮನೆಗೆ ಬಂದಳು.

ಆ ಕಮಲಳ ಮಗಳು ಚಂದ್ರಮತಿ. ತಾಯಿಯ ಬುಟ್ಟಿಯನ್ನು ಹದಿನೆಂಟು ವರ್ಷ ಹೊತ್ತಳು. ಮೊಣಗಂಟು ಕೈಕೊಟ್ಟ ಮೇಲೆ, ಕಾಲೇಜು ಮಕ್ಕಳು ಬಸ್ಸು ಕಾಯುವ ತಿರುವಿನಲ್ಲಿ ಗೂಡಂಗಡಿ ಇಟ್ಟಳು. ಎಲೆ, ಅಡಿಕೆ, ಬಾಳೆಹಣ್ಣು, ಬನ್ನು. ಮುದುಕರ ಕವಳಕ್ಕೆ ಮುಚ್ಚಿದ ಡಬ್ಬಿಯಲ್ಲಿ ಒಂದಿಷ್ಟು ಹೊಗೆಸೊಪ್ಪು.

ಎರಡು ವರ್ಷದ ಹಿಂದೆ ವ್ಯಾನಿನಲ್ಲಿ ಮಾಲು ತರುವ ಮಿಥುನ್ ಅಂಗಡಿಯ ಎದುರು ಬಣ್ಣಬಣ್ಣದ ಮಾಲೆ ತೂಗುಹಾಕಿದ. ಏಲಕ್ಕಿ ಪರಿಮಳದ ಅಡಿಕೆ ಪೊಟ್ಟಣ, ಜೊತೆಗೆ ಪುದೀನ ಪರಿಮಳದ ತಂಬಾಕು. ಕಾಲೇಜಿನ ಗೇಟಿನಿಂದ ಹೆಜ್ಜೆ ಹಾಕಿ ಅಳೆದು, "ನೂರು ಗಜದ ಆಚಿಗೇ ಇತ್ತ್ ಅಕ್ಕ, ನಿಮ್ಗೆ ಯಾರೂ ಎಂತ ಹೇಳುದಿಲ್ಲ" ಎಂದ. ಇಪ್ಪತ್ತೊಂದು ತುಂಬದವರಿಗೆ ಮಾರಬಾರದೆಂಬ ಫಲಕವೂ ಅಂಗಡಿಯಲ್ಲಿತ್ತು. ಮಾಲೆಗಳ ಹಿಂದೆ ಅದು ಕಾಣಿಸುತ್ತಿರಲಿಲ್ಲ.

ನೆರೆಮನೆಯ ಗಿರಿಜಾಳ ಮಗ ರತನ್ ಮೊದಲ ಪಿಯುಸಿ. ಒಂದು ಭಾನುವಾರ ಚಂದ್ರಮತಿ ಅವನನ್ನು ಊಟಕ್ಕೆ ಕೂರಿಸಿದಳು. ಹುಡುಗ ಕಡುಬನ್ನು ಚೂರುಚೂರು ಮಾಡಿ ತುಟಿಯೊಳಗೆ ತೂರಿಸುತ್ತಿದ್ದ. ಸಾರು ತಾಗಿದ್ದೇ ಕಣ್ಣಲ್ಲಿ ನೀರು.

"ಎಂತ ಮಾರಾಯ, ಗುಬ್ಬಿ ಹೆಕ್ಕಿದಾಂಗೆ ಹೆಕ್ತೆ? ನಿನ್ನ್ ಅಬ್ಬಿ ಖಾರ ಹಾಕುದೇ ಇಲ್ಯಾ?"

"ಬಾಯಿ ಉರಿತ್ತ್ ದೊಡ್ಡಮ್ಮ."

"ಬಾಯ್ ಬಿಡ್ ಕಾಂಬ."

ಎರಡು ಬೆರಳು ಹಿಡಿಯುವಷ್ಟೂ ಬಾಯಿ ತೆರೆಯಲಿಲ್ಲ. ಅವಳು ಅವನನ್ನು ಬೆಳಕಿಗೆ ತಿರುಗಿಸಿ, ಕೆನ್ನೆಯನ್ನು ಮೆಲ್ಲಗೆ ಎಳೆದು ಒಳಗೆ ನೋಡಿದಳು. ಮೀನು ಕೊಳ್ಳುವಾಗ ಕಿವಿರು ಎತ್ತಿ ನೋಡಿದ ಕಣ್ಣು ಅದು: ಕೆಂಪಿದ್ದರೆ ತಾಜಾ, ಬಿಳಿಚಿದ್ದರೆ ಮುಟ್ಟಬಾರದು. ಹದಿನೇಳರ ಹುಡುಗನ ಕೆನ್ನೆಯ ಒಳಗು ಬಿಳಿಚಿಕೊಂಡಿತ್ತು.

"ಯಾರ್ ಅಂಗ್ಡಿ ಪೊಟ್ಣ ತಿಂಬುದಾ?"

ರತನ್ ತಟ್ಟೆ ನೋಡಿದ. "ನಿಮ್ದೇ. ರೋಹನ್ ತತ್ತ."

ರೋಹನ್ ಎಂದರೆ ಅವನದೇ ಕಾಲೇಜಿನ, ಮೀಸೆ ಮೂಡಿದ ಉದ್ದನೆಯ ಹುಡುಗ. "ನಿಂಗೆ ಇಪ್ಪತ್ತೊಂದ್ ಆಯ್ತಾ?" ಎಂದು ದಿನಾ ತಮಾಷೆಗೆ ಕೇಳಿ, ಅವನು ನಕ್ಕರೆ ತಾನೂ ನಕ್ಕು ಹರಿದು ಕೊಟ್ಟವಳು ಅವಳೇ.

ಮರುದಿನ ರತನನನ್ನು ಕರೆದುಕೊಂಡು ಗಿರಿಜಾಳ ಜೊತೆ ತಾನೂ ಕುಂದಾಪುರದ ಆಸ್ಪತ್ರೆಗೆ ಹೋದಳು. ಬಿಗಿದ ಬಾಯಿ ಪೂರ್ತಿ ಮೊದಲಿನಂತಾಗುವುದಿಲ್ಲ, ಪೊಟ್ಟಣ ಈಗಲೇ ಬಿಟ್ಟರೆ ಮುಂದಕ್ಕೆ ಹೋಗದಂತೆ ತಡೆಯಬಹುದು ಎಂದರು ಡಾಕ್ಟರು. ಬಂದವಳೇ ಮೀನು ಕೊಯ್ಯುವ ಕತ್ತಿ ತೆಗೆದು ಮಾಲೆಗಳನ್ನೆಲ್ಲ ಕತ್ತರಿಸಿ ಗೋಣಿಗೆ ತುಂಬಿದಳು. ಮಿಥುನ್ ಬಂದಾಗ ಗೋಣಿಯನ್ನು ಅವನ ವ್ಯಾನಿಗೇ ಹಾಕಿದಳು.

ದೋಣಿಯವರು ರೇಗಿಸಿದರು. "ಹ್ವಾಯ್ ಚಂದ್ರಮತಕ್ಕ, ಮಕ್ಳಿಗ್ ಕೊಡ್ಬೇಡಿ. ನಮ್ಗ್ ಕೊಡುಕೆ ಎಂತ?"

"ನಿಮ್ಗ್ ಪುದೀನ ಪರಿಮಳ ಎಂತಕೆ? ಹೆಂಡ್ತಿ ಹತ್ರ ಬೈಸ್ಕಂಬುಕಾ? ಎಲಿ ಇತ್ತ್, ಕವ್ಳ ಹಾಕಿ. ಪರಿಮಳ ಹಾಕ್ದ್ ಮಕ್ಳನ್ನ್ ಕರುಕೆ. ಹಳೆ ಮೀನಿಗ್ ಹೊಯ್ಗಿ ಹಾಕ್ದಾಂಗೆ."

ಅರ್ಧಕ್ಕರ್ಧ ಗಿರಾಕಿಗಳು ಎದುರಿನ ಚಂದಯ್ಯನ ಅಂಗಡಿಗೆ ದಾಟಿದರು. ಅಲ್ಲಿ ಮಾಲೆಗಳು ಇನ್ನೂ ತೂಗುತ್ತಿವೆ. ರತನನಿಗೆ ದಿನಾ ಬಾಯಿ ಅಗಲಿಸುವ ವ್ಯಾಯಾಮ ಹೇಳಿದ್ದಾರೆ. ಬಸ್ಸು ಬರುವ ತನಕ ಚಂದ್ರಮತಿ ತನ್ನೆದುರೇ ಮಾಡಿಸುತ್ತಾಳೆ. ಗೆಳೆಯರು ನಗುತ್ತಾರೆ, ಅವನೂ ಮಾಡುತ್ತಾನೆ.

ಜೂನಿನ ಗಾಳಿಗೆ ಅಂಗಡಿಯ ತಗಡು ಹಾರಿತು. ಮೂರು ದಿನ ಟಾರ್ಪಾಲಿನ ಅಡಿಯಲ್ಲಿ ಕೂತಳು. ನಾಲ್ಕನೆಯ ದಿನ ಮಿಥುನ್ ನಾಲ್ಕು ಹೊಸ ಶೀಟು, ಇಬ್ಬರು ಆಳುಗಳ ಸಮೇತ ಬಂದ. ಶೀಟಿನ ಮೇಲೆ ಪೊಟ್ಟಣದ ಚಿತ್ರವಿತ್ತು.

"ನೀವ್ ಒದ್ದಿ ಆಪುದ್ ಕಂಡ್ ಬೇಜಾರಾಯ್ತ್ ಅಕ್ಕ. ಪುಕ್ಕಟೆ. ಎರಡೇ ಮಾಲಿ ಒಳಗ್ ಇಟ್ಕಣಿ, ಹೊರಗ್ ಕಾಂಬುದೇ ಬ್ಯಾಡ."

ಅವನು ಮನಸ್ಸಿನಿಂದಲೇ ಹೇಳಿದ್ದ. ಅದು ಚಂದ್ರಮತಿಗೂ ಗೊತ್ತು. ಟಾರ್ಪಾಲಿನ ಹೊಟ್ಟೆಯಲ್ಲಿ ನಿಂತ ನೀರನ್ನು ಕೋಲಿನಿಂದ ಎತ್ತಿ ಚೆಲ್ಲಿ ಹೇಳಿದಳು:

"ಒದ್ದಿ ಆಪುದ್ ನಂಗೆ ಹೊಸ್ತಾ ಮಗಾ? ಹದ್ನೆಂಟ್ ವರ್ಷ ಮೀನಿನ್ ನೀರ್ ತಲಿ ಮೇಲ್ ಸುರ್ಕಂಡ್ ತಿರ್ಗಿದವ್ಳ್ ನಾನ್. ಶೀಟ್ ಇಳ್ಸ್ಬ್ಯಾಡ. ಚಾ ಕುಡುದಾರೆ ಕೂಕೋ, ಇಲ್ದಿರೆ ಗಾಡಿ ತಿರ್ಗ್ಸ್. ಕಾಲೇಜ್ ಮಕ್ಳ್ ಬಪ್ಪೊತ್ತಾಯ್ತ್."